ಮೋಟರ್‌ಹೋಮ್ ಗಾಲಿಗಳಿಗೆ ಹೊಳಪು: ಪೇಸ್ಟ್ ಡಬ್ಬಿ ತೆರೆಯುವ ಮುನ್ನ ಮುಗಿಸಬೇಕಾದ ಕೆಲಸ, ತೆರೆದ ಮೇಲೆ ಪಾಲಿಸಬೇಕಾದ ಕ್ರಮ

ಮೋಟರ್‌ಹೋಮಿನ, ಅಂದರೆ ಒಳಗೇ ವಾಸಿಸಲು ಸಜ್ಜಾದ ಗಾಡಿಯ, ಗಾಲಿಗೆ ಪಾಲಿಶ್ ಹಚ್ಚಿದರೂ ಅದು ಹೊಳೆಯಲಿಲ್ಲ, ಹೊಳೆದದ್ದು ಹದಿನೈದು ದಿನವೂ ನಿಲ್ಲಲಿಲ್ಲ, ಅಥವಾ ಮೊದಲಿಗಿಂತ ಹೆಚ್ಚು ಮಂಕಾಯಿತು ಎನ್ನುವವರ ಕೆಲಸವನ್ನು ಕೂತು ವಿಚಾರಿಸಿದರೆ ತಪ್ಪು ಬಹುತೇಕ ಒಂದೇ ಜಾಗದಲ್ಲಿ ಸಿಗುತ್ತದೆ. ಅವರು ಪೇಸ್ಟಿನಿಂದ ಕೆಲಸ ಶುರು ಮಾಡಿರುತ್ತಾರೆ. ಗಾಲಿಯ ಮೇಲ್ಮೈ ಯಾವ ಬಗೆಯದು ಎಂದು ಗುರುತಿಸುವುದು, ಬಿರುಕು ಮತ್ತು ತುಕ್ಕು ಹುಡುಕುವುದು, ಮಣ್ಣು ಮತ್ತು ಬ್ರೇಕಿನ ಧೂಳನ್ನು ಪೂರ್ತಿ ತೆಗೆಯುವುದು, ಗೀರುಗಳನ್ನು ವಾಟರ್ ಪೇಪರಿನಿಂದ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಇಳಿಸುವುದು ಇವೆಲ್ಲ ಮುಗಿದ ಮೇಲೆ ಪೇಸ್ಟಿನ ಸರದಿ ಬರುತ್ತದೆ. ಈ ಕ್ರಮ ತಪ್ಪಿದರೆ ಎಷ್ಟೇ ಬೆಲೆಯ ಪೇಸ್ಟ್ ತಂದರೂ ಅದು ಗಾಲಿಯ ಮೇಲಿನ ಮರಳನ್ನೇ ಗಾಲಿಗೆ ತಿಕ್ಕುತ್ತದೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಗಾಲಿಗೆ ಅಂಟುವ ಕೊಳೆಯೂ ಒಂದೇ ತರಹದ್ದಲ್ಲ. ಖಾನಾಪುರದ ಕಡೆಯಿಂದ ಬಂದ ಗಾಡಿಗೆ ಕೆಂಪು ಮಣ್ಣು, ವಿಜಯಪುರದ ಹೊಲದ ದಾರಿಗಿಳಿದ ಗಾಡಿಗೆ ಎರೆ ಮಣ್ಣು, ಬಾಗಲಕೋಟೆ ಮತ್ತು ಲೋಕಾಪುರದ ಸುತ್ತ ಓಡಾಡಿದ ಗಾಡಿಗೆ ಸುಣ್ಣದ ಕಲ್ಲಿನ ಮತ್ತು ಸಿಮೆಂಟಿನ ಧೂಳು ಅಂಟಿರುತ್ತದೆ. ಈ ಮೂರರಲ್ಲಿ ಅಲ್ಯೂಮಿನಿಯಂಗೆ ಹೆಚ್ಚು ಅಪಾಯಕಾರಿಯಾದದ್ದು ಸಿಮೆಂಟಿನ ಧೂಳು. ಅದು ನೀರು ಕಂಡೊಡನೆ ಕ್ಷಾರವಾಗುತ್ತದೆ, ಕ್ಷಾರವು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಒಣಗಿದ ಸಿಮೆಂಟಿನ ಧೂಳಿನ ಮೇಲೆ ಒದ್ದೆ ಬಟ್ಟೆ ಆಡಿಸಿ ಅಷ್ಟಕ್ಕೇ ಬಿಟ್ಟರೆ ಮರುದಿನ ಬೂದು ಕಲೆಗಳು ಏಳುವುದು ಇದೇ ಕಾರಣಕ್ಕೆ.

ಬೇಕಾಗುವ ಸಾಮಾನು

ಎರಡು ಬಕೆಟ್, ಟೈರಿಗೊಂದು ಮತ್ತು ಗಾಲಿಗೊಂದು ಪ್ರತ್ಯೇಕ ಬ್ರಷ್, ಕಾರ್ ಶಾಂಪೂ, ಐದಾರು ಮೈಕ್ರೋಫೈಬರ್ ಬಟ್ಟೆ, 400, 600, 800, 1000, 1500 ಮತ್ತು 2000 ನಂಬರಿನ ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು), ಅಲ್ಯೂಮಿನಿಯಂಗೆ ಹೊಂದುವ ಬಫಿಂಗ್ ಸೋಪ್ (ಬಫಿಗೆ ತಾಗಿಸುವ ಪಾಲಿಶ್ ಗಡ್ಡೆ) ಎರಡು, ಒಂದು ಕೊರೆಯಲು ಮತ್ತು ಒಂದು ನುಣುಪಿಗೆ, ಹೊಲಿದ ಬಟ್ಟೆಯ ಗಟ್ಟಿ ಬಫ್ ಒಂದು, ಮೆತ್ತನೆಯ ಬಫ್ ಒಂದು, ವೇಗ ಬದಲಿಸಬಹುದಾದ ಪಾಲಿಶಿಂಗ್ ಯಂತ್ರ, ಮೂಲೆಗಳಿಗೆ ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವ ಚಿಕ್ಕ ಬಫ್, ಲೋಹದ ಪಾಲಿಶ್ ಪೇಸ್ಟ್, ಕೊನೆಗೆ ಹಚ್ಚಲು ವ್ಯಾಕ್ಸ್ ಅಥವಾ ಸೀಲಂಟ್. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್, ಕೈಗವಸು, ಗಾಲಿ ಉರುಳದಂತೆ ಅಡ್ಡ ಕೊಡಲು ಮರದ ಉಟಗಿ. ಬಫ್ ಮತ್ತು ಸೋಪಿಗಾಗಿ ದೂರ ಹೋಗಬೇಕಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು ಹೆಚ್ಚಿರುವುದರಿಂದ ಈ ಸಾಮಾನು ಆ ಭಾಗದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಮನೆಯಲ್ಲಿರುವ ನಾಲ್ಕು ಇಂಚಿನ ಗ್ರೈಂಡರಿಗೇ ಬಫ್ ಸಿಕ್ಕಿಸಿ ಕೆಲಸ ಮುಗಿಸಬಹುದೆಂಬ ಆಸೆ ಬೇಡ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಈ ಕೆಲಸಕ್ಕೆ 1,500ರಿಂದ 3,000 ಸುತ್ತು ಸಾಕು. ಬಫಿನ ಮೇಲೆ ಅದು ತಡೆಯುವ ಗರಿಷ್ಠ ಸುತ್ತು ಬರೆದಿರುತ್ತದೆ. ಯಂತ್ರದ ವೇಗ ಅದನ್ನು ಮೀರಿದರೆ ಬಫ್ ಹರಿದು ಮುಖಕ್ಕೆ ಬಡಿಯಬಹುದು. ಉಕ್ಕಿನ ತಂತಿಯ ಬ್ರಷ್ ಮತ್ತು ಪಾತ್ರೆ ತಿಕ್ಕುವ ಸ್ಟೀಲ್ ನಾರು ಪಟ್ಟಿಯಲ್ಲೇ ಇರಬಾರದು, ಏಕೆಂದರೆ ಅವುಗಳ ಉಕ್ಕಿನ ಕಣಗಳು ಅಲ್ಯೂಮಿನಿಯಂನಲ್ಲಿ ಹುದುಗಿ ಮುಂದೆ ತುಕ್ಕಿನ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ.

ಹಂತ 1: ಗಾಲಿಯ ಮೇಲ್ಮೈ ಯಾವುದೆಂದು ಖಚಿತ ಮಾಡಿಕೊಳ್ಳಿ

ಹೊರಗಿನಿಂದ ನೋಡಿದರೆ ಎಲ್ಲವೂ ಬೆಳ್ಳಗೆ ಹೊಳೆಯುವ ಗಾಲಿಗಳೇ. ಆದರೆ ಮೋಟರ್‌ಹೋಮ್‌ಗಳಲ್ಲಿ ಐದು ಬಗೆಯವು ಸಿಗುತ್ತವೆ: ಲೇಪವಿಲ್ಲದ ಬರಿ ಅಲ್ಯೂಮಿನಿಯಂ, ಮೇಲೆ ಪಾರದರ್ಶಕ ಲ್ಯಾಕರ್ ಇರುವ ಅಲಾಯ್, ಕ್ರೋಮ್ ಲೇಪದ ಗಾಲಿ, ಬಣ್ಣ ಹಚ್ಚಿದ ಉಕ್ಕಿನ ಗಾಲಿ, ಮತ್ತು ಉಕ್ಕಿನ ಗಾಲಿಯ ಮೇಲೆ ಕೂರಿಸಿದ ಸ್ಟೇನ್‌ಲೆಸ್ ಸ್ಟೀಲ್ ಕವರ್. ಬಸ್ಸಿನ ಚಾಸಿಸ್ ಮೇಲೆ ಕಟ್ಟಿದ ದೊಡ್ಡ ಗಾಡಿಗಳ 22.5 ಇಂಚಿನ ಗಾಲಿ ಬರಿ ಅಲ್ಯೂಮಿನಿಯಂ ಆಗಿರಬಹುದು. ವ್ಯಾನಿನಿಂದ ಮಾಡಿಸಿದ ಚಿಕ್ಕ ಕ್ಯಾರವಾನ್‌ಗಳಲ್ಲಿ ಉಕ್ಕಿನ ಗಾಲಿ ಅಥವಾ ಲ್ಯಾಕರ್ ಇರುವ ಅಲಾಯ್ ಇರುವುದೇ ಹೆಚ್ಚು.

ಪರೀಕ್ಷೆ ಸರಳವಾದದ್ದು. ಗಾಲಿಯ ಒಂದು ಮರೆಯ ಜಾಗವನ್ನು ತೊಳೆದು ಒಣಗಿಸಿ, ಬಿಳಿ ಹತ್ತಿ ಬಟ್ಟೆಗೆ ಕಡಲೆಕಾಳಿನಷ್ಟು ಪೇಸ್ಟ್ ತೆಗೆದುಕೊಂಡು ಹತ್ತಿಪ್ಪತ್ತು ಸಲ ಮೆಲ್ಲಗೆ ಉಜ್ಜಿ. ಬಟ್ಟೆ ಕಾಡಿಗೆಯಂತೆ ಕಪ್ಪಾದರೆ ಅದು ಬರಿ ಅಲ್ಯೂಮಿನಿಯಂ; ಮೇಲಿನ ಆಕ್ಸೈಡ್ ಪದರ ಮತ್ತು ಒಂದಿಷ್ಟು ಲೋಹ ಬಟ್ಟೆಗೆ ಬಂದಿದೆ ಎಂದರ್ಥ. ಬಟ್ಟೆ ಪೇಸ್ಟಿನ ಬಣ್ಣದಲ್ಲೇ ಉಳಿದರೆ ಮೇಲೆ ಲ್ಯಾಕರ್, ಆನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಕಾರ್ಖಾನೆಯಲ್ಲೇ ಬೆಳೆಸಿದ ಗಟ್ಟಿ ಆಕ್ಸೈಡ್ ಪದರ) ಅಥವಾ ಕ್ರೋಮ್ ಇದೆ. ಅಲ್ಲಿಗೆ ನಿಲ್ಲಿಸಿ. ಇನ್ನು ಅಯಸ್ಕಾಂತ ಅಂಟಿದರೆ ಅಡಿಯಲ್ಲಿರುವುದು ಉಕ್ಕು. ಕನ್ನಡಿಯಂತಿದ್ದು ತುಸು ನೀಲಿ ಛಾಯೆ ತೋರಿದರೆ ಕ್ರೋಮ್, ಬೆಳ್ಳಿಯ ಬಿಳುಪು ತೋರಿದರೆ ಅಲ್ಯೂಮಿನಿಯಂ. ಮುಖದ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಯಂತೆ ಸಣ್ಣ ವರ್ತುಲದ ಗೆರೆಗಳು ಕಂಡರೆ ಅದು ಯಂತ್ರದಲ್ಲಿ ಕೆತ್ತಿ ಮೇಲೆ ಲ್ಯಾಕರ್ ಹೊಡೆದ ಡೈಮಂಡ್ ಕಟ್ ಗಾಲಿ.

ಅತಿ ಹೆಚ್ಚು ಗಾಲಿಗಳು ಕೆಡುವುದು ಈ ಹಂತವನ್ನು ಬಿಟ್ಟದ್ದರಿಂದ. ಲ್ಯಾಕರ್ ಇರುವ ಗಾಲಿಗೆ ಲೋಹದ ಪಾಲಿಶ್ ಮತ್ತು ಬಫಿಂಗ್ ಸೋಪ್ ಹಾಕಿದರೆ ಲ್ಯಾಕರ್ ಗೀರಿ ಮಂಕಾಗುತ್ತದೆ, ಅಲ್ಲಲ್ಲಿ ತೆಳುವಾಗುತ್ತದೆ, ಆ ತೆಳುವಾದ ಕಡೆಯಿಂದ ನೀರು ನುಗ್ಗಿ ಅಡಿಯಲ್ಲಿ ಬಿಳಿ ಎಳೆಗಳು ಹರಿಯುತ್ತವೆ. ಅಂತಹ ಗಾಲಿಗೆ ಕಾರಿನ ಬಣ್ಣಕ್ಕೆ ಬಳಸುವ ಪಾಲಿಶ್ ಮತ್ತು ವ್ಯಾಕ್ಸ್ ಸಾಕು; ಅದಕ್ಕೆ ಮುಂದಿನ ಹಂತಗಳಲ್ಲಿ 2, 3, 7 ಮತ್ತು 8 ಮಾತ್ರ ಅನ್ವಯಿಸುತ್ತವೆ. ಕ್ರೋಮ್‌ಗೂ ಹಾಗೆಯೇ. ಕ್ರೋಮ್ ಎದ್ದು ಬಂದಿದ್ದರೆ ಯಾವ ಪಾಲಿಶೂ ಅದನ್ನು ಕೂರಿಸುವುದಿಲ್ಲ.

ಲ್ಯಾಕರ್ ಈಗಾಗಲೇ ಸಿಪ್ಪೆ ಏಳುತ್ತಿದ್ದರೆ ಏನು ಮಾಡಬೇಕು? ಅಲ್ಯೂಮಿನಿಯಂಗೆ ಸುರಕ್ಷಿತವೆಂದು ಡಬ್ಬಿಯ ಮೇಲೆ ಬರೆದಿರುವ ಪೇಂಟ್ ರಿಮೂವರಿನಿಂದ ಪೂರ್ತಿ ತೆಗೆದು, ಬರಿ ಅಲ್ಯೂಮಿನಿಯಂ ಎಂದು ತಿಳಿದು ಮುಂದುವರಿಯಬಹುದು. ಕಾಸ್ಟಿಕ್ ಸೋಡಾ ಬೆರೆತದ್ದು ಬೇಡವೇ ಬೇಡ. ಆದರೆ ಹಾಗೆ ಬರಿದು ಮಾಡಿದ ಗಾಲಿಗೆ ಮುಂದೆ ಪ್ರತಿ ಒಂದೆರಡು ತಿಂಗಳಿಗೆ ಕೈಕೆಲಸ ತಪ್ಪುವುದಿಲ್ಲ. ಅಷ್ಟು ಪುರಸೊತ್ತು ಇಲ್ಲದವರು ಮತ್ತೆ ಲ್ಯಾಕರ್ ಮಾಡಿಸುವುದೇ ಲೇಸು ಎಂದು ನನ್ನ ಅಭಿಪ್ರಾಯ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಗಾಲಿ ತಯಾರಕರು ಅದಕ್ಕೆ ಒಪ್ಪುತ್ತಾರೆಯೇ ಎಂದು ಮೊದಲು ನೋಡಬೇಕು. ಭಟ್ಟಿಯ ಕಾವು ಮಿತಿ ಮೀರಿದರೆ ಅಲ್ಯೂಮಿನಿಯಂ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ, ಮತ್ತು ಅದು ಕಣ್ಣಿಗೆ ಕಾಣಿಸುವ ದೋಷವಲ್ಲ.

ಹಂತ 2: ಗಾಡಿಯನ್ನು ಭದ್ರವಾಗಿ ನಿಲ್ಲಿಸಿ, ಗಾಲಿಯನ್ನು ಪರೀಕ್ಷಿಸಿ

ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಎದುರು ಬದಿಯ ಗಾಲಿಗಳಿಗೆ ಹಿಂದೆ ಮುಂದೆ ಉಟಗಿ. ನೀರಿನ ಟ್ಯಾಂಕ್, ಬ್ಯಾಟರಿ ಮತ್ತು ಸಾಮಾನು ತುಂಬಿದ ಮೋಟರ್‌ಹೋಮ್‌ನ ತೂಕ ಅದೇ ಅಳತೆಯ ಸಾಮಾನ್ಯ ವ್ಯಾನಿಗಿಂತ ಬಹಳ ಹೆಚ್ಚಿರುತ್ತದೆ, ಆದ್ದರಿಂದ ಕೇವಲ ಜಾಕ್ ನಂಬಿ ಗಾಲಿ ಬಿಚ್ಚಬಾರದು. ಅಡಿಗೆ ಸ್ಟ್ಯಾಂಡ್ ಕೊಡಲೇಬೇಕು. ಎರೆ ಭೂಮಿಯ ಮೇಲೆ ಜಾಕ್ ಹಾಕುವ ಮಾತೇ ಇಲ್ಲ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇದ್ದರೆ ಜಾಕ್ ಮೆಲ್ಲಗೆ ಇಳಿಯುತ್ತದೆ.

ವಾಸ್ತವವಾಗಿ ಹೊಳಪಿಗಾಗಿ ಗಾಲಿ ಬಿಚ್ಚುವ ಅಗತ್ಯ ಅಪರೂಪ. ಗಾಲಿ ನೆಲದ ಮೇಲಿರುವಾಗಲೇ ಮೇಲಿನ ಅರ್ಧ ಮುಗಿಸಿ, ಗಾಡಿಯನ್ನು ಅರ್ಧ ಸುತ್ತಿನಷ್ಟು ಮುಂದೆ ಸರಿಸಿ, ಉಟಗಿ ಕೊಟ್ಟು ಉಳಿದರ್ಧ ಮಾಡಬಹುದು. ಕೆಲವರು ಹಿಂದಿನ ಗಾಲಿ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ, ತಿರುಗುವ ಗಾಲಿಗೆ ಪೇಪರ್ ಹಿಡಿಯುತ್ತಾರೆ. ಬಟ್ಟೆಯೋ ಕೈಯೋ ಸಿಕ್ಕಿಕೊಂಡರೆ ಅದನ್ನು ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ, ಗಾಡಿ ಜಾಕಿನಿಂದ ಜಾರಿದರೆ ಅದು ಚಲಿಸಲು ಸಿದ್ಧವಾಗಿಯೇ ಇರುತ್ತದೆ. ಈ ಉಪಾಯವನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ.

ಪರೀಕ್ಷೆಯಲ್ಲಿ ನೋಡಬೇಕಾದ ಅಪಾಯದ ಸೂಚನೆಗಳು ಇವು. ನಟ್‌ಗಳಿಂದ ಹೊರಮುಖವಾಗಿ ಹರಿದ ತುಕ್ಕಿನ ಗೆರೆ ಇದ್ದರೆ ಆ ನಟ್ ಸಡಿಲವಾಗಿ ಆಡಿದೆ. ನಟ್ ರಂಧ್ರದಿಂದ ಅಥವಾ ಗಾಳಿಯಾಡುವ ಕಿಂಡಿಯ ಅಂಚಿನಿಂದ ಕೂದಲೆಳೆಯಂಥ ಕಪ್ಪು ಗೆರೆ ಹೊರಟಿದ್ದರೆ ಅದು ಬಿರುಕಿರಬಹುದು. ಬಟ್ಟೆಯಿಂದ ಒರೆಸಿದರೂ ಹೋಗದ, ಉಗುರು ಆಡಿಸಿದರೆ ತಡೆಯುವ ಗೆರೆಯನ್ನು ಬಿರುಕು ಎಂದೇ ಭಾವಿಸಬೇಕು. ನಟ್ ರಂಧ್ರ ದುಂಡಗಿರದೆ ಉದ್ದವಾಗಿದ್ದರೆ, ರಿಮ್ ಅಂಚು ಬಾಗಿದ್ದರೆ, ಟೈರ್ ಕೂರುವ ಜಾಗದ ಬಳಿ ಲೋಹ ಪುಡಿಪುಡಿಯಾಗಿ ಉದುರುತ್ತಿದ್ದರೆ ಅಂತಹ ಗಾಲಿಗೆ ಪಾಲಿಶ್ ಮಾಡುವುದು ಬಿರುಕನ್ನು ಮುಚ್ಚಿಡುವ ಕೆಲಸವಾಗುತ್ತದೆ. ವೆಲ್ಡಿಂಗ್ ಅದಕ್ಕೆ ಪರಿಹಾರವಲ್ಲ, ಗಾಲಿಯನ್ನೇ ಬದಲಿಸಬೇಕು. ಬಿರುಕಿನ ಸಂಶಯವಿರುವ ಗಾಲಿಯ ನಟ್ ಬಿಚ್ಚುವ ಮೊದಲು ಟೈರಿನ ಗಾಳಿ ಪೂರ್ತಿ ಇಳಿಸಿ, ಹಿಂದೆ ಜೋಡಿ ಗಾಲಿಗಳಿದ್ದರೆ ಎರಡರದ್ದೂ ಇಳಿಸಿ.

ಹಂತ 3: ತೊಳೆಯುವುದು

ಇಡೀ ಕೆಲಸದಲ್ಲಿ ಅವಸರ ಸಲ್ಲದ ಹಂತ ಇದು. ಚೋರ್ಲಾ ಘಾಟನ್ನು ಗೋವಾ ಕಡೆಗೆ ಇಳಿದ ಗಾಡಿಯ ಗಾಲಿಗೆ ಒಡನೆಯೇ ನೀರು ಹೊಡೆದರೆ ಕಾದ ಬ್ರೇಕ್ ಡಿಸ್ಕ್ ಬಾಗುವ ಸಂಭವವಿದೆ, ಶಾಂಪೂ ಅಲ್ಲೇ ಒಣಗಿ ಕಲೆಯಾಗುತ್ತದೆ. ಅಂಗೈ ಇಟ್ಟರೆ ತಣ್ಣಗೆನಿಸುವವರೆಗೆ ಕಾಯಿರಿ. ಏಪ್ರಿಲ್, ಮೇ ತಿಂಗಳ ವಿಜಯಪುರದಲ್ಲಿ ಗಾಡಿ ಓಡದಿದ್ದರೂ ಗಾಲಿ ಬಿಸಿಲಿಗೇ ಕಾಯುತ್ತದೆ, ಆದ್ದರಿಂದ ಆ ದಿನಗಳಲ್ಲಿ ಬೆಳಗಿನ ಒಂಬತ್ತು ಗಂಟೆಯೊಳಗೆ ನೆರಳಿನಲ್ಲಿ ಈ ಕೆಲಸ ಮುಗಿಯಬೇಕು.

ಮೊದಲು ಬರಿ ನೀರು. ಎರೆ ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಅದನ್ನು ಕೆರೆಯಲು ಹೋಗಬಾರದು; ಒದ್ದೆ ಗೋಣಿ ತಟ್ಟನ್ನು ಗಾಲಿಗೆ ಹೊದಿಸಿ ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಸಡಿಲುತ್ತದೆ. ಗಾಲಿಯ ಒಳಭಾಗಕ್ಕೂ ನೀರು ಹೊಡೆಯಬೇಕು. ಒಳಗಿನ ಸುತ್ತಿನಲ್ಲಿ ಎರೆ ಮಣ್ಣು ಒಂದೇ ಕಡೆ ಹೆಪ್ಪುಗಟ್ಟಿದರೆ ಗಾಲಿಯ ತೂಕದ ಸಮತೋಲನ ತಪ್ಪಿ ವೇಗ ಹೆಚ್ಚಿದಾಗ ಸ್ಟೇರಿಂಗ್ ನಡುಗುತ್ತದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಂದು ಎರಡೆರಡು ಸಲ ದುಡ್ಡು ಕೊಟ್ಟ ಮೇಲೆ ಕೊನೆಗೆ ಒಂದು ಹಿಡಿ ಮಣ್ಣು ತೆಗೆದಾಗ ಸರಿಹೋದ ಗಾಡಿಗಳನ್ನು ನಾನು ಕಂಡಿದ್ದೇನೆ.

ನಂತರ ಟೈರನ್ನು ಅದರದೇ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಟೈರ್ ಮೊದಲು, ಗಾಲಿ ಆಮೇಲೆ. ತಿರುಗು ಮುರುಗಾದರೆ ಟೈರಿನ ಕಪ್ಪು ನೀರು ತೊಳೆದ ಗಾಲಿಯ ಮೇಲೆ ಹರಿಯುತ್ತದೆ. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿ ನೀರು ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಗಾಲಿ ತೊಳೆಯಿರಿ. ನಟ್‌ಗಳ ಸುತ್ತ, ಕಿಂಡಿಗಳ ಒಳ ಅಂಚು, ವಾಲ್ವಿನ ಬುಡ ಇಲ್ಲೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ರಸ್ತೆಗಳಲ್ಲಿ ಓಡಾಡಿದ ಗಾಡಿಗೆ ಕಬ್ಬಿನ ಹಾಲು, ಮಣ್ಣು, ರವದಿ (ಕಬ್ಬಿನ ಒಣ ಎಲೆ) ಸೇರಿ ಒಂದು ಅಂಟು ಕೂತಿರುತ್ತದೆ, ಅದು ಬೆಚ್ಚಗಿನ ನೀರಿಗೆ ಬಿಡುತ್ತದೆ. ಡಾಂಬರಿನ ಚುಕ್ಕೆಗಳನ್ನು ಟಾರ್ ರಿಮೂವರ್ ಹಾಕಿದ ಬಟ್ಟೆಯಿಂದ ಮಾತ್ರ ತೆಗೆಯಬೇಕು. ಸೀಮೆಎಣ್ಣೆ, ಡೀಸೆಲ್ ಸುರಿದರೆ ಅದು ಟೈರಿನ ರಬ್ಬರಿಗೆ ಇಳಿದು ಉಬ್ಬಿಸುತ್ತದೆ.

ಬ್ರೇಕಿನ ಧೂಳು ಕಂದು ಚುಕ್ಕೆಗಳಾಗಿ ಕಚ್ಚಿಕೊಂಡಿದ್ದರೆ ಐರನ್ ರಿಮೂವರ್ ಸಿಂಪಡಿಸಿ. ಅದು ಕಬ್ಬಿಣದ ಕಣಗಳೊಡನೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಒಣಗುವ ಮೊದಲೇ ತೊಳೆದುಬಿಡಬೇಕು. ಬರಿ ಅಲ್ಯೂಮಿನಿಯಂ ಮೇಲೆ ಮರೆಯ ಜಾಗದಲ್ಲಿ ಮೊದಲು ಪರೀಕ್ಷಿಸಿ ನೋಡಿ.

ಇಲ್ಲಿ ಆಸಿಡ್ ಬಗ್ಗೆ ಒಂದು ಮಾತು ವಿವರವಾಗಿಯೇ ಹೇಳಬೇಕು. ಹೆದ್ದಾರಿಯ ಒಂದು ವಾಷಿಂಗ್ ಸೆಂಟರಿನಲ್ಲಿ ನನ್ನ ಗಾಡಿಗೆ ಹುಡುಗನೊಬ್ಬ ಬಾಟಲಿಯಿಂದ ಏನೋ ಸಿಂಪಡಿಸಿದ. ಎರಡು ನಿಮಿಷದಲ್ಲಿ ಗಾಲಿ ಬೆಳ್ಳಗಾಯಿತು, ನಾನೂ ಖುಷಿಪಟ್ಟೆ. ಮನೆಗೆ ಬಂದು ನೋಡಿದರೆ ಹೊಳಪೆಲ್ಲ ಹೋಗಿ ಸುಣ್ಣ ಬಳಿದಂತೆ ಮಂಕಾಗಿತ್ತು, ಮೇಲಿನಿಂದ ಕೆಳಕ್ಕೆ ಹರಿದ ಗೆರೆಗಳು ಅಚ್ಚೊತ್ತಿದ್ದವು. ಆ ಒಂದು ಗಾಲಿಯನ್ನು 400 ನಂಬರಿನ ಪೇಪರಿನಿಂದ ಮತ್ತೆ ಇಳಿಸಿ ಮೇಲಕ್ಕೆ ತರಲು ಎರಡು ದಿನ ಹಿಡಿಯಿತು. ಲಾರಿ ತೊಳೆಯುವ ಆಸಿಡ್, ಬಚ್ಚಲು ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ಇವು ಯಾವುವೂ ಅಲ್ಯೂಮಿನಿಯಂಗೆ ತಾಗಬಾರದು. ತಾಮ್ರ ಮತ್ತು ಹಿತ್ತಾಳೆಗೆ ಹುಣಸೆಹಣ್ಣು ಒಳ್ಳೆಯದೆಂದು ಗಾಲಿಗೂ ಹಚ್ಚಿದವರಿದ್ದಾರೆ. ತಾಮ್ರದ ಮೇಲಿನ ಕಿಲುಬು ಹುಳಿಗೆ ಬಿಡುತ್ತದೆ, ಅಲ್ಯೂಮಿನಿಯಂ ಮೇಲೆ ಅದೇ ಹುಳಿ ಕಲೆ ಮಾಡುತ್ತದೆ.

ಕೊನೆಯ ನೀರು ಯಾವುದು ಎನ್ನುವುದೂ ಮುಖ್ಯ. ವಿಜಯಪುರ, ಬಾಗಲಕೋಟೆ ಭಾಗದ ಬೋರಿನ ನೀರು ಗಡುಸು. ಗಾಲಿಯ ಮೇಲೆ ಅದು ಒಣಗಿದರೆ ಬಿಳಿ ಉಂಗುರಗಳು ಉಳಿಯುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಆರು ಗಾಲಿಗಳ ಕೊನೆಯ ಜಾಲಿಕೆಗೆ ಸಾಕು. ಘಟಕದ ಹೊರಗೆ ಹರಿದು ಹೋಗುವ ನೀರು ಪುಕ್ಕಟೆ ಸಿಗುತ್ತದೆಂದು ಅದನ್ನು ತರಬೇಡಿ, ಅದರಲ್ಲಿ ಬೋರಿನ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ಜಾಲಿಸಿದೊಡನೆ ಒರೆಸಿ ಒಣಗಿಸಿ, ಗಾಳಿಗೆ ಒಣಗಲು ಬಿಡಬೇಡಿ.

ಹಂತ 4: ವಾಟರ್ ಪೇಪರಿನಿಂದ ಗೀರು ಮತ್ತು ಕಲೆ ಇಳಿಸುವುದು

ಮೇಲ್ಮೈ ಕೇವಲ ಮಂಕಾಗಿದ್ದು ಉಗುರಿಗೆ ತಡೆಯುವ ಗೀರು ಇಲ್ಲದಿದ್ದರೆ ಈ ಹಂತ ಬಿಟ್ಟು ನೇರವಾಗಿ ಮುಂದಿನದಕ್ಕೆ ಹೋಗಿ. ಬೇಡದ ಕಡೆ ಪೇಪರ್ ಹೊಡೆಯುವುದು ಸುಮ್ಮನೆ ಲೋಹ ಕಳೆಯುವುದು, ಕೆಲಸವನ್ನು ನಾಲ್ಕು ಪಟ್ಟು ಹೆಚ್ಚಿಸಿಕೊಳ್ಳುವುದು.

ಗೀರು ಇದ್ದರೆ ಸಣ್ಣ ಜಾಗದಲ್ಲಿ ಮೊದಲು 800 ಪ್ರಯತ್ನಿಸಿ. ಅದಕ್ಕೆ ಗೀರು ಹೋಗದಿದ್ದರೆ ಮಾತ್ರ 600, ಅದಕ್ಕೂ ಆಗದಿದ್ದರೆ 400. ಯಾವ ನಂಬರಿನಿಂದ ಆರಂಭಿಸಿದರೂ ಅಲ್ಲಿಂದ 2000ದವರೆಗೆ ಒಂದನ್ನೂ ಬಿಡದೆ ಏರಬೇಕು. ಪೇಪರನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ನೀರಿಗೆ ಎರಡು ಹನಿ ಶಾಂಪೂ ಹಾಕಿ, ಸದಾ ಒದ್ದೆಯಾಗಿಯೇ ಉಜ್ಜಬೇಕು. ಒಣಗಿ ಉಜ್ಜಿದರೆ ಏಳುವ ಅಲ್ಯೂಮಿನಿಯಂನ ನುಣುಪು ಧೂಳು ಶ್ವಾಸಕ್ಕೆ ಕೆಟ್ಟದ್ದು, ಅಷ್ಟೇ ಅಲ್ಲ, ಬೆಂಕಿ ಹಿಡಿಯುವಂಥದ್ದು. ಪಕ್ಕದಲ್ಲಿ ಯಾರಾದರೂ ಉಕ್ಕಿಗೆ ಗ್ರೈಂಡರ್ ಹಿಡಿದು ಕಿಡಿ ಹಾರಿಸುತ್ತಿದ್ದರೆ ಈ ಕೆಲಸ ಅಲ್ಲಿ ಮಾಡಬಾರದು.

ಒಂದು ನಂಬರಿನಲ್ಲಿ ಅಡ್ಡಕ್ಕೆ ಉಜ್ಜಿದರೆ ಮುಂದಿನದರಲ್ಲಿ ಉದ್ದಕ್ಕೆ ಉಜ್ಜಿ. ಆಗ ಹಿಂದಿನ ಪೇಪರಿನ ಗೆರೆಗಳು ಇನ್ನೂ ಉಳಿದಿವೆಯೇ ಎಂಬುದು ಸ್ಪಷ್ಟವಾಗಿ ಕಾಣುತ್ತದೆ; ಕೊನೆಯ ಅಡ್ಡಗೆರೆ ಮಾಯವಾಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ನಂಬರ್ ಬದಲಿಸುವಾಗಲೆಲ್ಲ ಗಾಲಿ ತೊಳೆದು ಬಕೆಟ್ಟಿನ ನೀರನ್ನೂ ಬದಲಿಸಬೇಕು. 400ರ ಒಂದು ಹರಳು 1500ರ ಪೇಪರಿನಡಿ ಸಿಕ್ಕಿದರೆ ಅದೊಂದೇ ಅರ್ಧ ಗಂಟೆಯ ಕೆಲಸ ಕೆಡಿಸುತ್ತದೆ. ಹೊಳಪು ಬರಲಿಲ್ಲ ಎಂದು ಗಾಲಿ ತಂದವರನ್ನು ಬಫಿಂಗ್ ಮೇಸ್ತ್ರಿಗಳು ಮೊದಲು ಕೇಳುವುದು ಪೇಸ್ಟಿನ ಹೆಸರನ್ನಲ್ಲ, ‘ಎಷ್ಟನೇ ನಂಬರ್ ಪೇಪರ್‌ತನಾ ಹೊಡೆದೀರಿ?’ ಎಂದು. ಉಳಿದ ಗೀರನ್ನು ಬಫ್ ಅಳಿಸುವುದಿಲ್ಲ, ಅದರ ಅಂಚನ್ನು ದುಂಡಾಗಿಸಿ ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತದೆ.

ನಟ್ ಕೂರುವ ಜಾಗ, ಹಬ್‌ಗೆ (ಗಾಲಿಯನ್ನು ಕೂರಿಸುವ ಅಚ್ಚಿನ ತುದಿ) ತಾಗುವ ಹಿಂಬದಿಯ ಮುಖ, ಜೋಡಿ ಗಾಲಿಗಳು ಒಂದಕ್ಕೊಂದು ತಾಗುವ ಮುಖ, ಟೈರ್ ಕೂರುವ ಅಂಚು ಈ ನಾಲ್ಕು ಕಡೆ ಪೇಪರೂ ಬೇಡ, ಬಫೂ ಬೇಡ. ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳನ್ನು ಕೀಳಬೇಡಿ. ಅಕಸ್ಮಾತ್ ಬಿದ್ದರೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿ.

ಹಂತ 5: ಯಂತ್ರದಿಂದ ಬಫಿಂಗ್

ಟೈರಿನ ಅಂಚಿಗೂ ವಾಲ್ವಿಗೂ ಮಾಸ್ಕಿಂಗ್ ಟೇಪ್ ಸುತ್ತಿ, ಕಿಂಡಿಗಳಿಂದ ಬ್ರೇಕ್ ಡಿಸ್ಕ್ ಕಾಣುತ್ತಿದ್ದರೆ ಅಲ್ಲಿಗೆ ಹಳೆಯ ಪತ್ರಿಕೆ ತುರುಕಿ. ಡಿಸ್ಕಿಗೆ ಸೋಪ್, ಪಾಲಿಶ್, ವ್ಯಾಕ್ಸ್ ಯಾವುದು ತಾಗಿದರೂ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವಲ್, ಕೊರಳ ಸರ ಇವನ್ನು ತೆಗೆದಿಟ್ಟು ಯಂತ್ರ ಹಿಡಿಯಬೇಕು.

ಗಟ್ಟಿ ಬಫನ್ನು ತಿರುಗಿಸುತ್ತ ಅದಕ್ಕೆ ಸೋಪ್ ಗಡ್ಡೆಯನ್ನು ಎರಡು ಸೆಕೆಂಡಿನಷ್ಟು ಮಾತ್ರ ತಾಗಿಸಿ. ಸೋಪ್ ಹೆಚ್ಚಾದರೆ ಹೊಳಪು ಹೆಚ್ಚುವುದಿಲ್ಲ. ಅದು ಕಪ್ಪು ಗೆರೆಗಳಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಒಂದು ಗೇಣಿನಷ್ಟು ಜಾಗ ತೆಗೆದುಕೊಂಡು, ಯಂತ್ರದ ತೂಕವನ್ನಷ್ಟೇ ಬಿಟ್ಟು, ಮೊದಲು ಬಫ್ ತಿರುಗುವ ದಿಕ್ಕಿಗೆ ಎದುರಾಗಿ ನಿಧಾನಕ್ಕೆ ಎಳೆಯಿರಿ, ಆಗ ಲೋಹ ಕೊರೆಯುತ್ತದೆ. ಅನಂತರ ಅದೇ ದಿಕ್ಕಿನಲ್ಲಿ ತುಸು ಬೇಗ ಎಳೆಯಿರಿ, ಆಗ ಹೊಳಪು ಏಳುತ್ತದೆ. ಬಫ್ ಸದಾ ಚಲಿಸುತ್ತಿರಲಿ. ಅಂಚುಗಳಲ್ಲಿ ಬಫ್ ಅಂಚಿನಿಂದ ಹೊರಕ್ಕೆ ತಿರುಗುವಂತೆ ಹಿಡಿಯಬೇಕು. ಅಂಚಿಗೆ ಎದುರಾಗಿ ಹಿಡಿದರೆ ಅದು ಕಚ್ಚಿ ಯಂತ್ರವನ್ನೇ ಕೈಯಿಂದ ಕಿತ್ತೊಗೆಯುತ್ತದೆ.

ಆಗಾಗ ಯಂತ್ರ ನಿಲ್ಲಿಸಿ ಅಂಗೈ ಇಟ್ಟು ನೋಡಿ. ಕೈ ತಡೆಯದಷ್ಟು ಕಾದಿದ್ದರೆ ಒತ್ತಡ ಹೆಚ್ಚಾಗಿದೆ ಅಥವಾ ಒಂದೇ ಕಡೆ ನಿಂತಿದ್ದೀರಿ. ಪಕ್ಕದ ಭಾಗಕ್ಕೆ ಸರಿದು ಅದು ಆರಲು ಬಿಡಿ. ಬೂದು ಮೋಡದಂತೆ ಕಾಣುವ ಮಚ್ಚೆಗಳು ಅತಿ ಕಾವಿನ ಮತ್ತು ಅತಿ ಸೋಪಿನ ಗುರುತು. ಬಫ್ ಕಪ್ಪಗೆ ಹೊಳೆಯುವಷ್ಟು ಗಟ್ಟಿಯಾದರೆ ತಿರುಗುವಾಗಲೇ ಹಳೆಯ ಗರಗಸದ ಹಲ್ಲಿನ ಬದಿಯಿಂದ ಕೆರೆದು ಮತ್ತೆ ನವಿರಾಗಿಸಬಹುದು. ಉಕ್ಕಿಗೆ ಬಳಸಿದ ಬಫ್ ಅಲ್ಯೂಮಿನಿಯಂಗೆ ಬೇಡ.

ಗಟ್ಟಿ ಬಫಿನ ಕೆಲಸ ಇಡೀ ಗಾಲಿಗೆ ಮುಗಿದ ಮೇಲೆ ಸೋಪಿನ ಜಿಡ್ಡು ಒರೆಸಿ, ಮೆತ್ತನೆಯ ಬಫಿಗೆ ನುಣುಪು ಸೋಪ್ ಹಾಕಿ ಇದನ್ನೇ ಮತ್ತೊಮ್ಮೆ ಮಾಡಿ. ಎರಡು ಸೋಪುಗಳಿಗೆ ಎರಡು ಬಫ್ ಎಂಬುದು ಮುರಿಯಬಾರದ ನಿಯಮ. ಬಹಳ ಮಂಕಾದ 22.5 ಇಂಚಿನ ಮೊದಲ ಗಾಲಿಗೆ ಹೊಸಬರಿಗೆ ಅರ್ಧ ದಿನ ಹಿಡಿದರೆ ಅದು ಸಹಜ. ಆರು ಗಾಲಿಗಳನ್ನು ಒಂದೇ ರವಿವಾರ ಮುಗಿಸುವ ಹಟಕ್ಕೆ ಬಿದ್ದರೆ ಆರನೆಯದರಲ್ಲಿ ಅವಸರ ಎದ್ದು ಕಾಣುತ್ತದೆ.

ಹಂತ 6: ಕೈಯಿಂದ ಕೊನೆಯ ಪಾಲಿಶ್

ಈಗ ಪೇಸ್ಟ್. ಮೆತ್ತನೆಯ ಹತ್ತಿ ಬಟ್ಟೆಗೆ ಸ್ವಲ್ಪವೇ ತೆಗೆದುಕೊಂಡು ಒಂದು ಗೇಣು ಜಾಗವನ್ನು ಉಜ್ಜಿ, ಕಪ್ಪು ರಸ ಏಳುವವರೆಗೆ ನಿಲ್ಲಿಸಬೇಡಿ. ಅದು ಒಣಗುವ ಮುನ್ನವೇ ಬೇರೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಬನಿಯನ್ ವೇಸ್ಟ್ ಇಲ್ಲಿ ಬೇಡ, ಅದರಲ್ಲಿ ಹೊಲಿಗೆಯ ದಪ್ಪ ಅಂಚು, ಕೆಲವೊಮ್ಮೆ ಗುಂಡಿಯೂ ಉಳಿದಿರುತ್ತದೆ.

ಒರೆಸಿದ ಮೇಲೂ ತೆಳ್ಳನೆಯ ಕಪ್ಪು ಜಿಡ್ಡಿನ ಮಬ್ಬು ಉಳಿಯುತ್ತದೆ. ಅದಕ್ಕೆ ಲಾರಿ ಗಾಲಿ ಪಾಲಿಶ್ ಮಾಡುವವರು ಹಿಟ್ಟು ಬಳಸುತ್ತಾರೆ. ಒಣ ಮೈದಾ ಅಥವಾ ಕಾರ್ನ್‌ಫ್ಲೋರ್ ಉದುರಿಸಿ ಸ್ವಚ್ಛ ಮೈಕ್ರೋಫೈಬರಿನಿಂದ ಒರೆಸಿದರೆ ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಜೋಳದ ಹಿಟ್ಟು, ಆದರೆ ಅದರಲ್ಲಿ ಹೊಟ್ಟು ಇರುವುದರಿಂದ ಅದು ರೊಟ್ಟಿಗೇ ಇರಲಿ.

ಹಂತ 7: ರಕ್ಷಣೆಯ ಲೇಪ

ಪಾಲಿಶ್ ಮಾಡಿದ ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಮತ್ತೆ ಆಕ್ಸೈಡ್ ಕಟ್ಟಲು ಆರಂಭಿಸುತ್ತದೆ. ಆದ್ದರಿಂದ ಲೇಪವನ್ನು ಅದೇ ದಿನ ಹಚ್ಚಬೇಕು. ಗಾಲಿ ತಣ್ಣಗಿರಲಿ. ವ್ಯಾಕ್ಸ್ ಸುಲಭ, ಆದರೆ ಬ್ರೇಕಿನ ಕಾವಿಗೆ ಬೇಗ ಕರಗುತ್ತದೆ. ಗಾಲಿಗಾಗಿಯೇ ತಯಾರಾದ ಸಿಂಥೆಟಿಕ್ ಸೀಲಂಟ್ ಹೆಚ್ಚು ದಿನ ಬಾಳುತ್ತದೆ. ಯಾವುದಾದರೂ ತೆಳ್ಳಗೆ ಒಂದು ಕೈ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಒರೆಸುವುದು, ಮತ್ತೆ ಇನ್ನೊಂದು ಕೈ. ಆ ದಿನ ಮಳೆಗೂ ನೀರಿಗೂ ಗಾಲಿ ಸಿಗದಂತೆ ನೋಡಿಕೊಳ್ಳಿ. ಬೆಳಗಾವಿಯ ಜುಲೈನಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮೇ ತಿಂಗಳಲ್ಲೇ ಈ ಕೆಲಸ ಮುಗಿಸಿಕೊಂಡವರು ಜಾಣರು.

ಹಂತ 8: ಗಾಲಿ ಬಿಚ್ಚಿದ್ದರೆ ಮತ್ತೆ ಕೂರಿಸುವುದು

ಹಬ್ ಮತ್ತು ಗಾಲಿ ತಾಗುವ ಮುಖಗಳನ್ನು ಒಣ ಬಟ್ಟೆಯಿಂದ ಒರೆಸಿ. ಅಲ್ಲಿ ಪಾಲಿಶ್, ವ್ಯಾಕ್ಸ್, ಬಣ್ಣ, ಮಣ್ಣು ಏನಿದ್ದರೂ ಗಾಡಿ ಓಡಿದಂತೆ ಅದು ಸವೆದು ನಟ್ ಸಡಿಲವಾಗುತ್ತದೆ. ಗಾಡಿಯ ಕೈಪಿಡಿ ಹೇಳದ ಹೊರತು ಸ್ಟಡ್‌ಗಳಿಗೆ (ನಟ್ ಕೂರುವ ಬೋಲ್ಟುಗಳು) ಗ್ರೀಸ್ ಅಥವಾ ಎಣ್ಣೆ ಹಾಕಬಾರದು. ನಟ್‌ಗಳನ್ನು ಮೊದಲು ಕೈಯಿಂದ ಕೂರಿಸಿ, ಎದುರು ಬದುರಿನ ಕ್ರಮದಲ್ಲಿ ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ, ಕೊನೆಯ ಸುತ್ತು ಕೈಪಿಡಿಯ ಅಳತೆಗೆ ಟಾರ್ಕ್ ವ್ರೆಂಚಿನಿಂದ ಆಗಲಿ. ಪಾನಾದ ಮೇಲೆ ಹತ್ತಿ ನಿಂತು ಬಿಗಿ ಮಾಡುವ ರೂಢಿ ಸ್ಟಡ್ ಎಳೆದು ತೆಳ್ಳಗಾಗಿಸುತ್ತದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಬೆಳಗಾವಿಯಲ್ಲಿ ಗಾಲಿ ಹಾಕಿ ಬಾದಾಮಿಗೆ ಹೊರಟವರು ದಾರಿಯಲ್ಲೇ ಒಮ್ಮೆ ನಿಲ್ಲಿಸಿ ನೋಡಿದರೆ ಇದು ಮುಗಿಯುತ್ತದೆ.

ಉಕ್ಕಿನ ಗಾಲಿ ತೆಗೆದು ಅಲ್ಯೂಮಿನಿಯಂ ಹಾಕಿಸಿದ್ದರೆ ಇನ್ನೊಂದು ವಿಷಯ. ಅಲ್ಯೂಮಿನಿಯಂ ಗಾಲಿಯ ನಡುಭಾಗ ದಪ್ಪ. ಹಳೆಯ ಸ್ಟಡ್ ಉದ್ದ ಸಾಲದೆ ನಟ್ ನಾಲ್ಕೇ ಸುತ್ತಿಗೆ ನಿಂತರೆ ಆ ಗಾಡಿ ರಸ್ತೆಗೆ ಇಳಿಯಬಾರದು.

ಉಕ್ಕಿನ ಗಾಲಿ ಮತ್ತು ಸ್ಟೀಲ್ ಕವರ್ ಇದ್ದರೆ

ಉಕ್ಕಿನ ಗಾಲಿಗೆ ಹೊಳಪಿನ ಮಾತಿಲ್ಲ. ತುಕ್ಕು ತೆಗೆದು, ಪ್ರೈಮರ್ ಹಚ್ಚಿ, ತೆಳ್ಳಗೆ ಎರಡು ಕೈ ಬಣ್ಣ ಹೊಡೆದರಾಯಿತು. ನಟ್ ಮತ್ತು ಹಬ್ ತಾಗುವ ಕಡೆ ಬಣ್ಣ ದಪ್ಪವಾಗಬಾರದು. ಸ್ಟೇನ್‌ಲೆಸ್ ಕವರಿಗೆ ಹಂತ 3 ಮತ್ತು 6 ಸಾಕು. ಆದರೆ ಕವರ್ ಹೊಳೆಯುತ್ತಿದೆಯೆಂದು ಒಳಗೆ ನೋಡದೆ ಬಿಡುವುದು ದೊಡ್ಡ ತಪ್ಪು, ಏಕೆಂದರೆ ಸಡಿಲ ನಟ್ ಮತ್ತು ತುಕ್ಕಿನ ಗೆರೆ ಎರಡೂ ಅದರ ಹಿಂದೆಯೇ ಅಡಗಿರುತ್ತವೆ. ತಿಂಗಳಿಗೊಮ್ಮೆ ಕವರ್ ತೆಗೆದು ನೋಡಿ.

ಮುಂದಿನ ದಿನಗಳ ನಿರ್ವಹಣೆ

ವಾರಕ್ಕೊಮ್ಮೆ ಶಾಂಪೂ ನೀರಿನ ತೊಳೆತ, ಬರಿ ಅಲ್ಯೂಮಿನಿಯಂಗೆ ಒಂದೆರಡು ತಿಂಗಳಿಗೊಮ್ಮೆ ಹಂತ 6 ಮತ್ತು 7. ಇಷ್ಟು ತಪ್ಪದಿದ್ದರೆ ವಾಟರ್ ಪೇಪರ್ ಮತ್ತೆ ಹಿಡಿಯುವ ಪ್ರಸಂಗ ಬರುವುದು ಅಪರೂಪ. ಗೋವಾದ ಸಮುದ್ರ ತೀರಕ್ಕೆ ಹೋಗಿ ಬಂದರೆ ವಾರ ಕಾಯದೆ ಮನೆಗೆ ಬಂದ ದಿನವೇ ಒಳಗೂ ಹೊರಗೂ ತೊಳೆಯಬೇಕು. ಉಪ್ಪಿನ ಗಾಳಿ ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯಷ್ಟು ಗುಳಿಗಳನ್ನು ಮಾಡುತ್ತದೆ, ಗುಳಿ ಬಿದ್ದ ಮೇಲೆ ಅದು ಪೇಸ್ಟಿಗೆ ಬಗ್ಗುವುದಿಲ್ಲ. ಸಿಮೆಂಟ್ ಧೂಳು ಬಿದ್ದ ದಿನವೂ ಹೀಗೆಯೇ, ಒರೆಸುವುದಲ್ಲ, ಧಾರಾಳ ನೀರಿನಿಂದ ತೊಳೆಯುವುದು.

ಮೋಟರ್‌ಹೋಮ್ ತಿಂಗಳುಗಟ್ಟಲೆ ನಿಲ್ಲುವ ಗಾಡಿ. ನಿಲ್ಲಿಸುವ ಮುನ್ನ ಗಾಲಿ ತೊಳೆದು, ಪೂರ್ತಿ ಒಣಗಿಸಿ, ಲೇಪ ಹಚ್ಚಿ. ಒದ್ದೆ ಗಾಲಿಗೆ ಪ್ಲಾಸ್ಟಿಕ್ ಕವಚ ಕಟ್ಟಿದರೆ ಒಳಗೆ ತೇವ ಉಳಿದು ಬಿಳಿ ಪುಡಿ ಏಳುತ್ತದೆ. ಗಾಳಿಯಾಡುವ ಬಟ್ಟೆಯ ಕವಚವೇ ಸರಿ. ಮತ್ತೆ ಯಾರೂ ಬರೆಯದ ಒಂದು ವಿಷಯ: ಓಣಿಯ ನಾಯಿಗಳಿಗೆ ನಿಂತ ಗಾಡಿಯ ಗಾಲಿಯೇ ಗಡಿಕಲ್ಲು. ನಾಯಿಯ ಮೂತ್ರ ಲ್ಯಾಕರಿನ ಅಡಿಗೂ ಇಳಿದು ಕಲೆ ಮಾಡುತ್ತದೆ. ರಸ್ತೆ ಬದಿಯ ಹಿಂದಿನ ಗಾಲಿಯ ಕೆಳಭಾಗದಲ್ಲಿ ಮಾತ್ರ ಹಳದಿ ಗೆರೆ ಕಂಡರೆ ಪಾಲಿಶಿನ ತಪ್ಪು ಹುಡುಕುವ ಮೊದಲು ಗಾಲಿಗೆ ಒಂದು ಹಲಗೆ ಅಡ್ಡ ಇಟ್ಟು ನೋಡಿ.